ಹಳೆಯ ನಕ್ಷೆಗಳಲ್ಲಿ ಮನೆತನದ ಜಾಡು

ಎಂ. ವಿಶ್ವೇಶ್ವರಯ್ಯನವರ ಹೆಸರಿನ ‘ಎಂ’ ಎಂದರೆ ಮೋಕ್ಷಗುಂಡಂ. ಅದು ಈಗಿನ ಆಂಧ್ರಪ್ರದೇಶದಲ್ಲಿರುವ ಒಂದು ಊರು. ಅವರು ಹುಟ್ಟಿದ್ದು ಅಲ್ಲಿಂದ ನೂರಾರು ಕಿಲೋಮೀಟರ್ ದೂರದ ಮುದ್ದೇನಹಳ್ಳಿಯಲ್ಲಿ. ಪೂರ್ವಿಕರು ವಲಸೆ ಬಂದು ತಲೆಮಾರುಗಳೇ ಕಳೆದರೂ ಬಿಟ್ಟುಬಂದ ಊರು ಹೆಸರಿನ ಮುಂದೆ ಗಟ್ಟಿಯಾಗಿ ಕೂತುಬಿಟ್ಟಿತು. ಡಿ.ವಿ. ಗುಂಡಪ್ಪನವರ ‘ಡಿ’ ದೇವನಹಳ್ಳಿ. ಅವರು ಹುಟ್ಟಿದ್ದು ಮುಳಬಾಗಿಲಿನಲ್ಲಿ. ಉತ್ತರ ಕರ್ನಾಟಕದ ಕಡೆ ಊರೇ ಅಡ್ಡಹೆಸರಾಗುತ್ತದೆ: ಗೋಕಾಕ, ಕುರ್ತಕೋಟಿ. ಹೀಗೆ ಕನ್ನಡಿಗರಲ್ಲಿ ಬಹಳ ಮಂದಿ ತಮ್ಮ ಮನೆತನದ ಮೊದಲ ವಿಳಾಸವನ್ನು ಹೆಸರಿನ ಜೊತೆಗೇ ಹೊತ್ತು ತಿರುಗುತ್ತಾರೆ. ಆ ಊರು ಎಲ್ಲಿದೆ ಎಂದು ಕೇಳಿದರೆ ಮಾತ್ರ, “ಅಲ್ಲೆಲ್ಲೋ ಚಿತ್ರದುರ್ಗದ ಕಡೆಯಂತೆ” ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ.

ವಂಶದ ಇತಿಹಾಸ ಹುಡುಕಲು ಹೊರಟವರು ಮೊದಲು ಕೈಹಾಕುವುದು ವಂಶವೃಕ್ಷಕ್ಕೆ. ತಾತ, ಮುತ್ತಾತ, ಹೆಚ್ಚೆಂದರೆ ಅವರ ತಂದೆಯ ಹೆಸರು ಸಿಕ್ಕುತ್ತದೆ. ಅಲ್ಲಿಂದ ಮೇಲೆ ಕತ್ತಲು. ಆ ಹಂತದಲ್ಲಿ ಹೆಸರಿನ ಬೆನ್ನು ಬಿಟ್ಟು ಊರಿನ ಬೆನ್ನು ಹತ್ತಬೇಕು. ಹಳೆಯ ನಕ್ಷೆಯಲ್ಲಿ ಯಾರ ಮುತ್ತಾತನ ಹೆಸರೂ ಇರುವುದಿಲ್ಲ. ಆದರೆ ಆ ಹೆಸರಿರುವ ಕಡತ ಯಾವ ತಾಲ್ಲೂಕಿನ, ಯಾವ ಪ್ರಾಂತ್ಯದ, ಯಾವ ಭಾಷೆಯ ದಫ್ತರದಲ್ಲಿರಬಹುದು ಎಂಬುದನ್ನು ನಕ್ಷೆಯಷ್ಟು ಖಚಿತವಾಗಿ ಬೇರಾವುದೂ ಹೇಳಲಾರದು.

ಕರ್ನಾಟಕದವರಿಗಂತೂ ಇದು ಬಿಡಿಸಲೇಬೇಕಾದ ಗಂಟು. 1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ನಾಡು ಒಂದೇ ಆಡಳಿತದಲ್ಲಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ ಬಾಂಬೆ ಪ್ರಾಂತ್ಯದಲ್ಲಿದ್ದವು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು. ಮಂಗಳೂರು ಮದ್ರಾಸಿಗೆ ಸೇರಿತ್ತು. ಬಳ್ಳಾರಿ 1953ರವರೆಗೆ, ಕೊಳ್ಳೇಗಾಲ 1956ರವರೆಗೆ ಮದ್ರಾಸಿನವೇ. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಉತ್ತರ ಕನ್ನಡದ ಕಥೆ ಇನ್ನೂ ತೊಡಕಿನದು: 1862ರಲ್ಲಿ ಅದು ಮದ್ರಾಸಿನಿಂದ ಬಾಂಬೆಗೆ ವರ್ಗವಾಯಿತು. ಕುಮಟೆಯ ಒಂದು ಮನೆತನದ 1850ರ ಕಾಗದ ಹುಡುಕುವವರು ಚೆನ್ನೈ ಕಡೆಗೂ, 1870ರ ಕಾಗದ ಹುಡುಕುವವರು ಮುಂಬೈ ಕಡೆಗೂ ಕಣ್ಣು ಹಾಯಿಸಬೇಕು. ಇವೆಲ್ಲದರ ನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರಿನಂಥ ಸಣ್ಣ ಸಂಸ್ಥಾನಗಳು ಚೂರುಚೂರಾಗಿ ಹರಡಿದ್ದವು. ಪಕ್ಕದ ಹಳ್ಳಿ ಬ್ರಿಟಿಷರದು, ತಮ್ಮ ಹಳ್ಳಿ ರಾಜರದು ಎಂಬ ಸ್ಥಿತಿ ಅಲ್ಲಿ ಸಾಮಾನ್ಯ.

ಈ ಹಂಚಿಕೆಯನ್ನು ಒಂದೇ ನೋಟದಲ್ಲಿ ಕಾಣಲು ಅಟ್ಲಾಸ್ ಬೇಕು. ‘ಇಂಪೀರಿಯಲ್ ಗ್ಯಾಜೆಟಿಯರ್ ಆಫ್ ಇಂಡಿಯಾ’ದ 26ನೇ ಸಂಪುಟ ಇಡೀ ಅಟ್ಲಾಸ್, ಮೊದಲು ಬಂದದ್ದು 1909ರಲ್ಲಿ, ಪರಿಷ್ಕರಣೆಯಾದದ್ದು 1931ರಲ್ಲಿ. ಅದಕ್ಕೂ ಹಿಂದೆ, 1893ರಲ್ಲಿ, ಬಾರ್ಥಲೊಮ್ಯೂ ಅವರ ‘ಕಾನ್‌ಸ್ಟೇಬಲ್ಸ್ ಹ್ಯಾಂಡ್ ಅಟ್ಲಾಸ್ ಆಫ್ ಇಂಡಿಯಾ’ ಪ್ರಕಟವಾಯಿತು. ಎರಡೂ ಶಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲಿ ಉಚಿತವಾಗಿ ನೋಡಲು ಸಿಗುತ್ತವೆ. ಅಮೆರಿಕದ್ದೇ ಡೇವಿಡ್ ರಮ್ಸಿ ಸಂಗ್ರಹದ ನಕ್ಷೆಗಳನ್ನು ಊರಿನ ಹೆಸರು ಓದುವಷ್ಟು ಹಿಗ್ಗಿಸಬಹುದು. ಇವುಗಳಲ್ಲಿ ಸಣ್ಣ ಹಳ್ಳಿ ಕಾಣುವುದಿಲ್ಲ, ನಿಜ. ಹಳ್ಳಿಗಾಗಿ ಅಲ್ಲ, ಗಡಿಗಾಗಿ ಇವನ್ನು ನೋಡಬೇಕು.

ಅಟ್ಲಾಸ್ ತೆರೆದೊಡನೆ ಎದುರಾಗುವ ತೊಂದರೆ ಹೆಸರುಗಳದು. ‘ಫ್ರೆಂಚ್ ರಾಕ್ಸ್’ ಎಂದರೆ ಇಂದಿನ ಪಾಂಡವಪುರ. ‘ಫ್ರೇಜರ್‌ಪೇಟೆ’ ಕುಶಾಲನಗರ. ಕೃಷ್ಣರಾಜಪೇಟೆಗೆ ಹಿಂದೆ ಅತ್ತಿಗುಪ್ಪೆ ಎಂಬ ಹೆಸರಿತ್ತು, ಕೃಷ್ಣರಾಜನಗರಕ್ಕೆ ಎಡತೊರೆ, ಭದ್ರಾವತಿಗೆ ಬೆಂಕಿಪುರ, ಚಾಮರಾಜನಗರಕ್ಕೆ ಅರಿಕುಠಾರ. ರಾಮನಗರ ಮೊದಲು ಕ್ಲೋಸ್‌ಪೇಟೆಯಾಗಿ ಬೆಂಗಳೂರು ಜಿಲ್ಲೆಯಲ್ಲಿತ್ತು. 2007ರಲ್ಲಿ ತಾನೇ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಮಂಡ್ಯ 1939ರವರೆಗೆ ಮೈಸೂರು ಜಿಲ್ಲೆಯ ಭಾಗ. ಚಿಕ್ಕಮಗಳೂರು ಜಿಲ್ಲೆ ಹಳೆಯ ಕಡತಗಳಲ್ಲಿ ಕಡೂರು ಜಿಲ್ಲೆ. ಹಾಗಾಗಿ ಊರಿಗೊಂದು ಪುಟ ತೆರೆದು, ಯಾವ ವರ್ಷದಲ್ಲಿ ಅದು ಯಾವ ಹೋಬಳಿ, ತಾಲ್ಲೂಕು, ಜಿಲ್ಲೆ, ಪ್ರಾಂತ್ಯಕ್ಕೆ ಸೇರಿತ್ತು ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಕೆಲಸವೆಲ್ಲ ಈ ಪುಟದ ಮೇಲೆ ನಿಲ್ಲುತ್ತದೆ.

ನಕ್ಷೆ ಬಿಚ್ಚುವ ಮೊದಲು ಮನೆಯ ಹಿರಿಯರ ಮಾತು ಕೇಳಿಸಿಕೊಳ್ಳಬೇಕು. “ನಮ್ಮ ಊರು ಯಾವುದು?” ಎಂದು ಕೇಳಿದರೆ “ಹೊಸಹಳ್ಳಿ” ಎಂದಷ್ಟೇ ಉತ್ತರ ಬರುತ್ತದೆ, ಕರ್ನಾಟಕದಲ್ಲಿ ಹೊಸಹಳ್ಳಿ, ಮಲ್ಲಾಪುರ, ಬಸವಾಪುರಗಳಿಗೆ ಲೆಕ್ಕವಿಲ್ಲ. ಪ್ರಶ್ನೆಯನ್ನು ಬೇರೆ ರೀತಿ ಕೇಳಬೇಕು. “ಅಜ್ಜಿ, ನೀವು ಸಂತೆಗೆ ಯಾವೂರಿಗೆ ಹೋಗ್ತಿದ್ರಿ? ದಾರಿಯಲ್ಲಿ ಹೊಳೆ ದಾಟಬೇಕಿತ್ತಾ? ರೈಲು ಹತ್ತುತ್ತಿದ್ದದ್ದು ಎಲ್ಲಿ? ಜಾತ್ರೆ ಯಾವ ದೇವರದು?” ಸಂತೆ, ಹೊಳೆ, ಸ್ಟೇಷನ್ ಮೂರು ಸಿಕ್ಕರೆ ಹತ್ತು ಹೊಸಹಳ್ಳಿಗಳಲ್ಲಿ ಒಂಬತ್ತು ತಾವಾಗಿಯೇ ಬಿದ್ದುಹೋಗುತ್ತವೆ. ಹರದಾರಿ ಲೆಕ್ಕದಲ್ಲಿ ದೂರ ಹೇಳಿದರೆ, ಒಂದು ಹರದಾರಿಗೆ ಸುಮಾರು ಮೂರು ಮೈಲಿ ಎಂದು ಹಿಡಿಯಬಹುದು. ಹಳೆಯ ಲಗ್ನಪತ್ರಿಕೆ, ಕ್ರಯಪತ್ರ, ಕಂದಾಯದ ರಸೀದಿ ಯಾವುದೇ ಇರಲಿ, ಅದರಲ್ಲಿರುವ ಹೋಬಳಿಯ ಹೆಸರನ್ನು ಬಿಡದೆ ಬರೆದುಕೊಳ್ಳಬೇಕು.

ಈ ವಿವರಗಳನ್ನು ಹೊಂದಿಸಿ ನೋಡಲು ಹೇಳಿಮಾಡಿಸಿದ್ದು ಸರ್ವೆ ಆಫ್ ಇಂಡಿಯಾದ ಟೋಪೊ ಶೀಟ್. 1767ರಲ್ಲಿ ಆರಂಭವಾದ ಈ ಸಂಸ್ಥೆ ಒಂದು ಮೈಲಿಗೆ ಒಂದು ಅಂಗುಲದಂತೆ, ಮುಂದೆ 1:50,000 ಪ್ರಮಾಣದಲ್ಲಿ, ದೇಶವನ್ನೆಲ್ಲ ಚೌಕಗಳಾಗಿ ಹಂಚಿ ನಕ್ಷೆ ಬರೆಯಿತು. ಶೀಟ್ ಸಂಖ್ಯೆಯ ಲೆಕ್ಕ ತಿಳಿದರೆ ಹುಡುಕಾಟ ಸುಲಭ. ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಎತ್ತರದ ದೊಡ್ಡ ಚೌಕಕ್ಕೊಂದು ಸಂಖ್ಯೆ, ಅದರೊಳಗೆ ‘ಎ’ಯಿಂದ ‘ಪಿ’ವರೆಗೆ ಹದಿನಾರು ಚೌಕ, ಪ್ರತಿಯೊಂದರೊಳಗೆ ಮತ್ತೆ ಹದಿನಾರು ಶೀಟು. ಮೈಸೂರು 57ಡಿ, ಬೆಂಗಳೂರು 57ಎಚ್, ಮಂಗಳೂರು 48ಎಲ್, ಹುಬ್ಬಳ್ಳಿ 48ಎಂ. ಈಚಿನ ಸಾರ್ವಜನಿಕ ಸರಣಿಗೆ ಬೇರೆ ಸಂಖ್ಯಾಕ್ರಮವಿದೆ, ಹಳೆಯ ಶೀಟು ಕೇಳುವಾಗ ಹಳೆಯ ಸಂಖ್ಯೆಯನ್ನೇ ಕೊಡಬೇಕು. ಈಗಿನ ಶೀಟುಗಳು ಸಂಸ್ಥೆಯ ತಾಣದಲ್ಲಿ ಸಿಗುತ್ತವೆ. 1950ರ ದಶಕದ ನೋಟ ಬೇಕಿದ್ದವರಿಗೆ ಅಮೆರಿಕದ ಸೇನೆ 1:250,000 ಪ್ರಮಾಣದಲ್ಲಿ ಅಚ್ಚುಹಾಕಿಸಿದ ‘ಯು502’ ಸರಣಿ ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಯಾವುದೇ ಶೀಟಿನಲ್ಲಿ ಊರು ಹುಡುಕುವ ಮೊದಲು ಅಂಚು ಓದಬೇಕು. ಅಚ್ಚಾದ ವರ್ಷ ಒಂದು, ಅಳತೆ ಮಾಡಿದ ವರ್ಷ ಇನ್ನೊಂದು. ಎರಡರ ನಡುವೆ ಹತ್ತಾರು ವರ್ಷಗಳ ಅಂತರ ಇರಬಹುದು. 1955ರಲ್ಲಿ ಅಚ್ಚಾಯಿತೆಂದು 1955ರಲ್ಲಿ ಆ ಊರು ಅಲ್ಲಿತ್ತು ಎಂದು ತೀರ್ಮಾನಿಸುವಂತಿಲ್ಲ.

ಹಳೆಯ ಶೀಟಿನ ನಿಜವಾದ ಬೆಲೆ ಗೊತ್ತಾಗುವುದು ಮುಳುಗಡೆಯ ಕುಟುಂಬಗಳಿಗೆ. 1911ರಲ್ಲಿ ಕೆಲಸ ಶುರುವಾಗಿ 1931ರಲ್ಲಿ ಮುಗಿದ ಕೃಷ್ಣರಾಜಸಾಗರ ಕನ್ನಂಬಾಡಿಯನ್ನು ನುಂಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನ ಕಲ್ಲು ಕಲ್ಲಾಗಿ ಹೊಸ ಕನ್ನಂಬಾಡಿಗೆ ಬಂತು. ಕಾಳಿ ನದಿಯ ಅಣೆಕಟ್ಟಿನಿಂದ ಸೂಪಾ ಪಟ್ಟಣವೇ ಹೋಯಿತು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಸರಿಯಿತು. ಶರಾವತಿ ಕಣಿವೆಯ ಜನರದು ಎರಡು ಸಲದ ನೋವು. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ; ಎರಡನೆಯ ಅಣೆಕಟ್ಟಿನ ನೀರಿನಲ್ಲಿ ಮೊದಲನೆಯ ಅಣೆಕಟ್ಟೇ ಮುಳುಗಿತು. ಅಲ್ಲಿಂದ ಎದ್ದು ಬಂದವರ ಮೊಮ್ಮಕ್ಕಳಿಗೆ ಇಂದಿನ ಗೂಗಲ್ ನಕ್ಷೆಯಲ್ಲಿ ಕಾಣುವುದು ಬರೀ ನೀಲಿ. ಅದೇ ಜಾಗದ ಮುಳುಗಡೆಪೂರ್ವ ಶೀಟು ತೆರೆದರೆ ಹೊಳೆಯ ಸಪೂರ ಗೆರೆ, ಅದರ ಎರಡೂ ಕಡೆ ಊರುಗಳು, ಊರಿಂದ ಊರಿಗೆ ಗಾಡಿ ದಾರಿ ಕಾಣಿಸುತ್ತವೆ. ಅಜ್ಜ ಹೇಳುತ್ತಿದ್ದ ಹೆಸರುಗಳು ಒಂದೊಂದಾಗಿ ಸ್ಥಳಕ್ಕೆ ಬಂದು ಕೂರುತ್ತವೆ. ಮುಳುಗಡೆಯ ಕುಟುಂಬದಲ್ಲಿ ಹುಟ್ಟಿದ ಮಕ್ಕಳ ಕೈಗೆ ಈ ಒಂದು ಹಾಳೆ ಸಿಗಲೇಬೇಕು.

ಹಳೆಯ ಶೀಟನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊದಿಸುವುದೂ ಕಷ್ಟವಲ್ಲ. ಗೂಗಲ್ ಅರ್ಥ್‌ನ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ‘ಇಮೇಜ್ ಓವರ್‌ಲೇ’ ಸೌಲಭ್ಯವಿದೆ. ಎರಡರಲ್ಲೂ ಬದಲಾಗದೆ ಉಳಿದ ಗುರುತುಗಳನ್ನು ಹಿಡಿದು ಹೊಂದಿಸಬೇಕು: ಬೆಟ್ಟದ ತುದಿ, ರೈಲು ಸೇತುವೆ, ಹಳೆಯ ಕೆರೆಯ ಏರಿ. ರಸ್ತೆಯನ್ನು ನಂಬಬಾರದು, ರಸ್ತೆಗಳು ಸರಿಯುತ್ತವೆ. ಕೆರೆಗಳನ್ನೂ ನೋಡಿಯೇ ನಂಬಬೇಕು. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ.

ಊರು ಪತ್ತೆಯಾದ ಮೇಲೆ ಅದರೊಳಕ್ಕೆ ಇಳಿಯಲು ಬೇಕಾದದ್ದು ಗ್ರಾಮ ನಕ್ಷೆ. ಇದು ಕರ್ನಾಟಕದ ಓದುಗರಿಗೆ ಒದಗಿರುವ ದೊಡ್ಡ ಅನುಕೂಲ. ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿಕೊಂಡರೆ ಹಳ್ಳಿಯ ಸ್ಕ್ಯಾನ್ ಮಾಡಿದ ನಕ್ಷೆ ಪಿಡಿಎಫ್ ಆಗಿ ಸಿಗುತ್ತದೆ. ಈ ನಕ್ಷೆಗಳ ಬೇರು ಹತ್ತೊಂಬತ್ತನೇ ಶತಮಾನದ ಕಂದಾಯ ಸರ್ವೆಯಲ್ಲಿದೆ. ಧಾರವಾಡದ ಕಡೆ 1840ರ ದಶಕದಲ್ಲೇ ಈ ಕೆಲಸ ನಡೆದಿತ್ತು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾಯಿತು.

ಅಳತೆಗೆ ಬಳಸಿದ್ದು 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ; ನಲವತ್ತು ಗುಂಟೆಗೆ ಒಂದು ಎಕರೆ. ಗ್ರಾಮ ನಕ್ಷೆಗಳು ಬಹುಪಾಲು 1:7,920 ಪ್ರಮಾಣದವು. ಇಪ್ಪತ್ತು ಸರಪಳಿ ನೆಲ ಕಾಗದದ ಮೇಲೆ ಒಂದು ಅಂಗುಲ. ಅಳತೆಪಟ್ಟಿ ಇಟ್ಟು ನೋಡಿದರೆ ಮುತ್ತಜ್ಜನ ಹೊಲದಿಂದ ಕೆರೆಗೆ ಎಷ್ಟು ನಡೆಯಬೇಕಿತ್ತು ಎಂಬುದು ಅಡಿಗಳ ಲೆಕ್ಕದಲ್ಲಿ ಸಿಗುತ್ತದೆ. ಮಂಗಳೂರಿನ ಕಡೆಯಾದರೆ ಮದ್ರಾಸಿನ ಪದ್ಧತಿ. ಅಲ್ಲಿ ಗುಂಟೆಯ ಬದಲು ಸೆಂಟ್ಸ್, ಎಕರೆಗೆ ನೂರು.

ಗ್ರಾಮ ನಕ್ಷೆಯನ್ನು ನಿಧಾನವಾಗಿ ಓದಬೇಕು. ಅಂಚಿನ ಸುತ್ತ ನೆರೆಯ ಗ್ರಾಮಗಳ ಹೆಸರುಗಳಿರುತ್ತವೆ. ಮೂರು ಗ್ರಾಮಗಳ ಗಡಿ ಕೂಡುವ ಕಡೆ ಕಲ್ಲಿನ ಗುರುತು. ನಡುವೆ ಮನೆಗಳಿರುವ ಗ್ರಾಮಠಾಣಾ. ಹೊಲಗಳ ಮೇಲೆ ಸರ್ವೆ ನಂಬರು, ಹಳ್ಳ, ಕೆರೆ, ಗುಂಡುತೋಪು, ಸ್ಮಶಾನ, ಚುಕ್ಕಿಗೆರೆಯ ಬಂಡಿದಾರಿ. ಪಹಣಿಯಲ್ಲಿ ಮನೆತನದ ಜಮೀನಿನ ನಂಬರು 45/1, 45/2, 45/3 ಎಂದು ಒಡೆದಿದ್ದರೆ, ಆ ಒಡಕಿನ ಹಿಂದೆ ಅಣ್ಣತಮ್ಮಂದಿರು ಪಾಲಾದದ್ದೋ, ಒಂದು ಭಾಗ ಮಾರಿದ್ದೋ ಇರುತ್ತದೆ. ಯಾವಾಗ ಒಡೆಯಿತು ಎಂಬುದನ್ನು ಹಿಸ್ಸಾ ಟಿಪ್ಪಣಿ ಹೇಳುತ್ತದೆ. ಅದಕ್ಕೂ ಹಿಂದಿನದು ಮೂಲ ಟಿಪ್ಪಣಿ: ಭೂಮಾಪಕ ಹೊಲದಲ್ಲೇ ನಿಂತು ಬರೆದ ಅಳತೆಯ ಚಿತ್ರ. ಆಕಾರ್‌ಬಂದ್‌ನಲ್ಲಿ ವಿಸ್ತೀರ್ಣ, ಖರಾಬು, ಕಂದಾಯ. ಹಳೆ ಮೈಸೂರಿನ ಕಡೆ ‘ಐಎಲ್’ (ಇಂಡೆಕ್ಸ್ ಆಫ್ ಲ್ಯಾಂಡ್ಸ್) ಮತ್ತು ‘ಆರ್‌ಆರ್’ (ರೆಕಾರ್ಡ್ ಆಫ್ ರೈಟ್ಸ್) ಎಂದು ಕರೆಯುವ ರಿಜಿಸ್ಟರುಗಳಲ್ಲಿ ಹೆಸರುಗಳು ಬರುತ್ತವೆ: ಯಾರಿಂದ ಯಾರಿಗೆ, ಯಾವ ಹಕ್ಕಿನಿಂದ. ಎಷ್ಟೋ ಮನೆತನಗಳಿಗೆ ವಂಶವೃಕ್ಷದ ಮರೆತುಹೋದ ಕೊಂಬೆ ಸಿಕ್ಕುವುದು ಇಲ್ಲಿ.

ಊರಿನ ಹೆಸರು ತಾಣದ ಪಟ್ಟಿಯಲ್ಲೇ ಇಲ್ಲದಿದ್ದರೆ? ಹೆಚ್ಚಿನವರು ಇಲ್ಲೇ ಕೈಚೆಲ್ಲುತ್ತಾರೆ. ಹಟ್ಟಿ, ತಾಂಡಾ, ದೊಡ್ಡಿ, ಪಾಳ್ಯ, ಮಜರೆಗಳು ಕಂದಾಯದ ಲೆಕ್ಕದಲ್ಲಿ ಬೇರೊಂದು ಮುಖ್ಯ ಗ್ರಾಮದೊಳಗೆ ಸೇರಿರುತ್ತವೆ. ನಕ್ಷೆ ಇರುವುದು ಆ ಮುಖ್ಯ ಗ್ರಾಮದ ಹೆಸರಿನಲ್ಲಿ. ಸರ್ಕಾರ ಇಂಥ ಹಲವು ವಸತಿಗಳನ್ನು ಈಚಿನ ವರ್ಷಗಳಲ್ಲಿ ಕಂದಾಯ ಗ್ರಾಮಗಳೆಂದು ಘೋಷಿಸಿರುವುದರಿಂದ ಹಳೆಯ ಕಾಗದದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಇರಬಹುದು. ಇದಕ್ಕೆ ತದ್ವಿರುದ್ಧವಾದದ್ದು ಬೇಚಿರಾಕ್ ಗ್ರಾಮಗಳು. ಅಲ್ಲಿ ನಕ್ಷೆಯಿದೆ, ಸರ್ವೆ ನಂಬರುಗಳಿವೆ, ಒಂದು ಮನೆಯೂ ಇಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು; 1876–78ರ ಬರಗಾಲದ ನಂತರ, 1881ರಲ್ಲಿ, 42 ಲಕ್ಷಕ್ಕೆ ಕುಸಿದಿತ್ತು. 1898ರಲ್ಲಿ ಪ್ಲೇಗು ಬಂತು. ಊರು ಬಿಟ್ಟು ಪಕ್ಕದಲ್ಲೇ ಹೊಸ ಊರು ಕಟ್ಟಿಕೊಂಡ ಕಥೆ ಮನೆಯಲ್ಲಿ ಹೇಳುತ್ತಿದ್ದರೆ, ಈಗಿನ ಊರಿನ ಸುತ್ತ ಬೇಚಿರಾಕ್ ಗ್ರಾಮ ಇದೆಯೇ ಎಂದು ಮೊದಲು ನೋಡಬೇಕು. ಜನಗಣತಿಯ ಜಿಲ್ಲಾ ಕೈಪಿಡಿಗಳಲ್ಲಿ ಜನವಸತಿಯಿಲ್ಲದ ಗ್ರಾಮಗಳನ್ನೂ ಪಟ್ಟಿಮಾಡಿ, ತಾಲ್ಲೂಕು ನಕ್ಷೆಯಲ್ಲಿ ತೋರಿಸುತ್ತಾರೆ.

ಕಂದಾಯ ಸರ್ವೆಗೂ ಹಿಂದಕ್ಕೆ ಹೋಗಬಯಸುವವರಿಗೆ 1799ರ ನಂತರದ ಕೆಲವು ವರ್ಷಗಳು ಹುಲುಸಾದ ಕಾಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ಅವನ ಜೊತೆಗಿದ್ದ ಕಾವಲಿ ಸಹೋದರರು ಮತ್ತು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಊರೂರಿನ ಶಾಸನಗಳನ್ನು, ಕೈಫಿಯತ್ತು ಎಂದು ಕರೆಯುವ ಸ್ಥಳೀಯ ವೃತ್ತಾಂತಗಳನ್ನು ಕಲೆಹಾಕಿದರು. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿದ್ದಾರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಇದೇ ಕಾಲದಲ್ಲಿ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ. 1807ರಲ್ಲಿ ಮೂರು ಸಂಪುಟಗಳಾಗಿ ಬಂದ ಅವನ ದಿನಚರಿಯಲ್ಲಿ ಬೆಳೆ, ನೇಯ್ಗೆ, ಕೂಲಿ, ಜಾತಿ, ಕಸುಬುಗಳ ವಿವರ ಊರಿನ ಹೆಸರಿನೊಂದಿಗೆ ಇವೆ. ಸ್ವಂತ ಮನೆಯವರ ಹೆಸರು ಇಲ್ಲಿ ಸಿಗುವ ಸಂಭವ ಕಡಿಮೆ. ಅವರು ಏನು ಉತ್ತು, ಏನು ನೇಯ್ದು ಬದುಕಿದ್ದಿರಬಹುದು ಎಂಬುದು ಸಿಗುತ್ತದೆ. ಅದೂ ಮನೆತನದ ಇತಿಹಾಸವೇ.

ನಮ್ಮ ವಂಶವೃಕ್ಷಗಳಲ್ಲಿ ಒಂದು ದೊಡ್ಡ ಅನ್ಯಾಯವಿದೆ. ಹೆಣ್ಣುಮಕ್ಕಳ ಹೆಸರು ಇರುವುದಿಲ್ಲ. ಇದ್ದರೂ ಅವರ ತವರು ಇರುವುದಿಲ್ಲ. ಕುವೆಂಪು ಎಂದರೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಎಂದು ಎಲ್ಲರೂ ಹೇಳುತ್ತಾರೆ. ಅವರು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಕುಪ್ಪಳಿ ಶಿವಮೊಗ್ಗ ಜಿಲ್ಲೆ, ಹಿರೇಕೊಡಿಗೆ ಅಂದಿನ ಕಡೂರು ಜಿಲ್ಲೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗುತ್ತಿದ್ದ ಕಾಲದಲ್ಲಿ, ತಂದೆಯ ಊರನ್ನಷ್ಟೇ ಹಿಡಿದು ಜನನದ ದಾಖಲೆ ಹುಡುಕಿದರೆ ತಪ್ಪಾದ ಜಿಲ್ಲೆಯಲ್ಲಿ ಹುಡುಕಿದಂತಾಗುತ್ತದೆ.

ಇಲ್ಲಿಯೂ ಹಳೆಯ ಟೋಪೊ ಶೀಟು ನೆರವಿಗೆ ಬರುತ್ತದೆ. ಬಸ್ಸು ಬರುವ ಮುಂಚೆ ಸಂಬಂಧಗಳು ಬೆಳೆಯುತ್ತಿದ್ದದ್ದು ಗಾಡಿ ಹೋಗುವಷ್ಟು ದೂರದಲ್ಲಿ, ಸಂತೆ ಜಾತ್ರೆಗಳಲ್ಲಿ ಮುಖ ಕಂಡವರ ನಡುವೆ. ಊರನ್ನು ನಡುವೆ ಇಟ್ಟು ಹತ್ತು ಹದಿನೈದು ಮೈಲಿಯ ವೃತ್ತ ಎಳೆದು, ಅದರೊಳಗಿನ ಊರುಗಳನ್ನೆಲ್ಲ ಪಟ್ಟಿಮಾಡಿ, ಒಂದೊಂದಾಗಿ ಹಿರಿಯರ ಮುಂದೆ ಓದಬೇಕು. “ಅಜ್ಜಿಯ ತಾಯಿಯ ಊರು ಯಾವುದು?” ಎಂದರೆ ನೆನಪಾಗದವರಿಗೆ ಊರಿನ ಹೆಸರು ಕಿವಿಗೆ ಬಿದ್ದೊಡನೆ, “ಹಾಂ, ಅಲ್ಲಿಗೆ ಹಬ್ಬಕ್ಕೆ ಹೋಗ್ತಿದ್ವಿ, ದೊಡ್ಡಮ್ಮನ ಮನೆ ಇತ್ತು” ಎಂದು ನೆನಪು ಬಿಚ್ಚಿಕೊಳ್ಳುತ್ತದೆ. ದೊಡ್ಡ ಹೊಳೆ ಅಡ್ಡವಿದ್ದರೆ ವೃತ್ತದ ಆಚೆ ಬದಿಯ ಊರುಗಳನ್ನು ಕೊನೆಗೆ ಇಟ್ಟುಕೊಳ್ಳಬಹುದು. ದೋಣಿ ದಾಟುವ ಜಾಗ ಗುರುತಾಗಿದ್ದರೆ ಮಾತ್ರ ಅದರ ಎದುರಿನ ಊರನ್ನು ಮೊದಲೇ ಕೇಳಬೇಕು.

ಉಳಿದದ್ದು ಕಚೇರಿಯ ಕೆಲಸ. ಟಿಪ್ಪಣಿ, ಆಕಾರ್‌ಬಂದ್‌ಗಳ ದೃಢೀಕೃತ ನಕಲು ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ (ಎಡಿಎಲ್‌ಆರ್) ಕಚೇರಿಯಲ್ಲಿ. ಅಲ್ಲಿ ಇಲ್ಲವೆಂದರೆ ಜಿಲ್ಲೆಯ ಉಪನಿರ್ದೇಶಕರ (ಡಿಡಿಎಲ್‌ಆರ್) ಕಚೇರಿಯಲ್ಲಿ ಕೇಳಬೇಕು. ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರುಗಳು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಅರ್ಜಿಯಲ್ಲಿ “ನಮ್ಮ ಪೂರ್ವಿಕರ ದಾಖಲೆ” ಎಂದು ಬರೆದರೆ ಗುಮಾಸ್ತರಿಗೆ ಹುಡುಕಲು ತಲೆಬುಡ ಸಿಗುವುದಿಲ್ಲ. ಗ್ರಾಮ, ಹೋಬಳಿ, ಸರ್ವೆ ನಂಬರು, ಬೇಕಾದ ದಾಖಲೆಯ ಹೆಸರು, ಅಂದಾಜು ವರ್ಷ ಇಷ್ಟನ್ನು ಸ್ಪಷ್ಟವಾಗಿ ಬರೆಯಬೇಕು. ಬಾಂಬೆ ಕರ್ನಾಟಕದ ಹಳೆಯ ಕಾಗದ ಮೋಡಿ ಲಿಪಿಯಲ್ಲಿ, ಹೈದರಾಬಾದ್ ಭಾಗದ್ದು ಉರ್ದುವಿನಲ್ಲಿ ಇರಬಹುದು; ಓದಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಂಡರೆ ಅಲೆದಾಟ ತಪ್ಪುತ್ತದೆ. ಮೈಸೂರು ಸಂಸ್ಥಾನ ಕಾಲದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಮದ್ರಾಸ್ ಪ್ರಾಂತ್ಯದವಕ್ಕೆ ಚೆನ್ನೈ ಎಗ್ಮೋರಿನ ಪತ್ರಾಗಾರ, ಬಾಂಬೆಯವಕ್ಕೆ ಮುಂಬೈನದು, ನಿಜಾಮರ ಕಾಲದವಕ್ಕೆ ಹೈದರಾಬಾದಿನದು. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ವಿದೇಶದಲ್ಲಿರುವ ಕನ್ನಡಿಗರು ಅಲ್ಲಿಂದಲೇ ಶುರುಮಾಡಬಹುದು.

ತಾಲ್ಲೂಕು ರೆಕಾರ್ಡ್ ರೂಮುಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ 2024ರಲ್ಲಿ ಶುರುವಾಗಿದೆ. ಹಾಗಾಗಿ ಕಚೇರಿಗೆ ಹೋಗುವ ಮೊದಲು, ಬೇಕಾದ ದಾಖಲೆಯ ಸ್ಕ್ಯಾನ್ ಪ್ರತಿ ಆನ್‌ಲೈನ್‌ನಲ್ಲೇ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಇನ್ನೂ ಸ್ಕ್ಯಾನ್ ಆಗಿಲ್ಲದ, ಮುಟ್ಟಿದರೆ ಉದುರುವ ಪುಸ್ತಕವೇ ಎದುರಿಗೆ ಬಂದರೆ, ಒಪ್ಪಿಗೆ ಪಡೆದು ತಮ್ಮ ಸರ್ವೆ ನಂಬರಿನ ಪುಟದ ಜೊತೆಗೆ ಅದರ ಹಿಂದಿನ, ಮುಂದಿನ ನಂಬರುಗಳ ಪುಟಗಳನ್ನೂ ಫೋಟೊ ತೆಗೆದುಕೊಳ್ಳಬೇಕು. ಪಕ್ಕದ ಹೊಲದವರು ಬಹಳ ಸಲ ದಾಯಾದಿಗಳೇ ಆಗಿರುತ್ತಾರೆ.